ಸಿಇಟಿ ಶುರುವಾಗುವುದು ನಾಡಕಚೇರಿಯಲ್ಲಿ

ಪ್ರತಿ ವರ್ಷ ಸಿಇಟಿ ಫಲಿತಾಂಶ ಬಂದ ದಿನ ಸಂಜೆ ನಮಗೆ ಒಂದೇ ತರದ ಫೋನ್ ಕರೆಗಳು ಬರುತ್ತವೆ. "ಉಸ್ತಾದರೇ, ಮಗಳಿಗೆ ಅರವತ್ತು ಸಾವಿರ ಚಿಲ್ಲರೆ ರ‍್ಯಾಂಕ್ ಅಂತೆ. ಇದು ಒಳ್ಳೇದಾ, ಕೆಟ್ಟದ್ದಾ?" ಕೇಳುವವರು ಹುಣಸೂರಿನ ಅಂಗಡಿಯವರಿರಬಹುದು, ಪಿರಿಯಾಪಟ್ಟಣದ ಮೀನು ವ್ಯಾಪಾರದವರಿರಬಹುದು, ಕೆ.ಆರ್. ನಗರದಲ್ಲಿ ಆಟೋ ಓಡಿಸುವವರಿರಬಹುದು. ಹದಿನೆರಡು ವರ್ಷ ಮಗುವನ್ನು ಓದಿಸಿದ್ದಾರೆ, ಫೀಸು ಕಟ್ಟಿದ್ದಾರೆ, ಬೆಳಗಿನ ಜಾವ ಎಬ್ಬಿಸಿ ಬಸ್ಸು ಹತ್ತಿಸಿದ್ದಾರೆ. ಆದರೆ ಕೊನೆಗೆ ಕೈಗೆ ಬಂದ ಒಂದು ಸಂಖ್ಯೆಯನ್ನು ಓದುವುದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಅದು ಅವರ ತಪ್ಪಲ್ಲ. ಜಮಾಅತ್‌ಗಳೂ, ನಮ್ಮಂಥ ಮದ್ರಸದ ಮೇಷ್ಟ್ರುಗಳೂ ಈ ಪರೀಕ್ಷೆಯನ್ನು ಮಕ್ಕಳ ತಲೆನೋವು ಅಂತ ಬಿಟ್ಟುಬಿಟ್ಟಿದ್ದೇವೆ.

ಎರಡು ವರ್ಷದ ಹಿಂದೆ ಎಚ್.ಡಿ. ಕೋಟೆ ತಾಲೂಕಿನ ಒಂದು ಹಳ್ಳಿಯಿಂದ ಒಬ್ಬ ಹುಡುಗಿಯ ಉಪ್ಪ ನಮ್ಮ ಬಳಿ ಬಂದಿದ್ದರು. ಸಣ್ಣ ದಿನಸಿ ಅಂಗಡಿ. ಮಗಳು ಒಂದರಿಂದ ಹತ್ತನೇ ತರಗತಿವರೆಗೆ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲೇ ಓದಿದವಳು. ಪಿಯುಸಿ ವಿಜ್ಞಾನಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬಂದಳು. ಬಿಎಸ್ಸಿ ಅಗ್ರಿ ಮಾಡಬೇಕು ಅನ್ನುವುದು ಅವಳ ಆಸೆ. ಪಿಯುಸಿಯಲ್ಲಿ ಒಳ್ಳೆಯ ಅಂಕ, ಸಿಇಟಿಯಲ್ಲಿ ಸಾಧಾರಣ. ಸೀಟು ಸಿಗಲಿಲ್ಲ. ಏನಾಯ್ತು ಅಂತ ಅವಳ ಅರ್ಜಿಯ ಪ್ರತಿಯನ್ನು ತೆಗೆಸಿ ನೋಡಿದರೆ ನಮಗೇ ಎದೆ ಝಲ್ ಅಂದಿತು. ಪ್ರವರ್ಗ ಅನ್ನುವ ಜಾಗದಲ್ಲಿ ಜಿಎಂ, ಅಂದರೆ ಸಾಮಾನ್ಯ. ಗ್ರಾಮೀಣ ಮೀಸಲಾತಿ ಬೇಕಾ ಅಂದರೆ ಇಲ್ಲ. ಕನ್ನಡ ಮಾಧ್ಯಮ ಮೀಸಲಾತಿ ಬೇಕಾ ಅಂದರೆ ಇಲ್ಲ. ಅವಳಿಗೆ ಹಕ್ಕಿನಿಂದ ಇದ್ದ ಮೂರು ಬಾಗಿಲುಗಳನ್ನೂ ಅರ್ಜಿ ತುಂಬುವ ದಿನವೇ ಮುಚ್ಚಿಯಾಗಿತ್ತು. ಜಾತಿ ಆದಾಯ ಪ್ರಮಾಣಪತ್ರ ಆ ದಿನ ಕೈಯಲ್ಲಿ ಇರಲಿಲ್ಲ, ಅರ್ಜಿ ತುಂಬಿಕೊಟ್ಟ ಸೈಬರ್ ಹುಡುಗ "ಆಮೇಲೆ ಸರಿ ಮಾಡಬಹುದು ಕಾಕಾ" ಅಂದಿದ್ದನಂತೆ. ತಿದ್ದುಪಡಿಗೆ ಅವಕಾಶ ಕೊಟ್ಟಿದ್ದ ದಿನಗಳು ಬಂದು ಹೋದದ್ದೂ ಇವರಿಗೆ ಗೊತ್ತಾಗಲಿಲ್ಲ.

ಆ ಹುಡುಗಿ ಸೋತದ್ದು ಪ್ರಶ್ನೆಪತ್ರಿಕೆಯ ಮುಂದೆ ಅಲ್ಲ. ನಾವು ಇವತ್ತು ಬರೆಯಲು ಕೂತದ್ದೂ ಅದಕ್ಕೇ.

ಮೊದಲು ಈ ಪರೀಕ್ಷೆ ಯಾಕೆ ಬಂತು ಅನ್ನುವುದನ್ನು ಹೇಳಬೇಕು, ಯಾಕೆಂದರೆ "ಪಿಯುಸಿ ಅಂಕ ಇರುವಾಗ ಇನ್ನೊಂದು ಪರೀಕ್ಷೆ ಯಾಕೆ?" ಅಂತ ಹಿರಿಯರು ಕೇಳುತ್ತಲೇ ಇರುತ್ತಾರೆ. ತೊಂಬತ್ತರ ದಶಕದ ಮೊದಲು ಕರ್ನಾಟಕದಲ್ಲಿ ಖಾಸಗಿ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜು ಅಂದರೆ ಕ್ಯಾಪಿಟೇಶನ್ ಅಂತಲೇ ಅರ್ಥ. ದುಡ್ಡಿದ್ದವನಿಗೆ ಸೀಟು. ಇದರ ವಿರುದ್ಧದ ಮೊಕದ್ದಮೆಗಳು ಸುಪ್ರೀಂ ಕೋರ್ಟಿಗೆ ಹೋದವು. 1992ರ ಮೋಹಿನಿ ಜೈನ್ ಪ್ರಕರಣ ನಮ್ಮ ರಾಜ್ಯದ್ದೇ. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. ಅದರ ಬೆನ್ನಿಗೇ 1994ರಲ್ಲಿ ಸರ್ಕಾರ ಸಿಇಟಿ ಘಟಕ ತೆರೆದು, ಎಲ್ಲರಿಗೂ ಒಂದೇ ಪರೀಕ್ಷೆ, ಒಂದೇ ರ‍್ಯಾಂಕ್ ಪಟ್ಟಿ, ಎಲ್ಲರ ಎದುರೇ ಸೀಟು ಹಂಚಿಕೆ ಅನ್ನುವ ಪದ್ಧತಿ ತಂದಿತು. ಆ ಘಟಕವೇ ಇವತ್ತಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಜನ ಕರೆಯುವುದು ಕೆಇಎ ಅಂತ. ಕಚೇರಿ ಬೆಂಗಳೂರಿನ ಮಲ್ಲೇಶ್ವರಂನಲ್ಲಿದೆ. ಬಡವನ ಮಗ ಕೂಡ ಕ್ಯಾಪಿಟೇಶನ್ ಕೊಡದೆ ದೊಡ್ಡ ಕಾಲೇಜಿನ ಮೆಟ್ಟಿಲು ಹತ್ತಿದ್ದು ಈ ಪರೀಕ್ಷೆಯಿಂದ. ಆಮೇಲೆ 2002ರ ಟಿ.ಎಂ.ಎ. ಪೈ ಫೌಂಡೇಶನ್ ತೀರ್ಪಿನ ನಂತರ ಖಾಸಗಿ ಕಾಲೇಜುಗಳು ತಮ್ಮದೇ ಕಾಮೆಡ್-ಕೆ ಪರೀಕ್ಷೆ ಮಾಡಿಕೊಂಡವು. ಅದರ ಮೂಲಕ ಸಿಗುವ ಸೀಟಿನ ಫೀಸು ಸಿಇಟಿ ಸೀಟಿನ ಫೀಸಿಗಿಂತ ಬಹಳ ಜಾಸ್ತಿ. ಆದ್ದರಿಂದ ನಮ್ಮಂಥವರ ಮನೆಯ ಮಕ್ಕಳಿಗೆ ಮೊದಲ ಬಾಗಿಲು ಸಿಇಟಿಯೇ.

ಈಗ ಪರೀಕ್ಷೆಯ ಲೆಕ್ಕಕ್ಕೆ ಬರೋಣ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಹೀಗೆ ನಾಲ್ಕು ಪತ್ರಿಕೆ. ಒಂದೊಂದರಲ್ಲಿ 60 ಪ್ರಶ್ನೆ, 60 ಅಂಕ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದ ಒಂದಕ್ಕೆ ಒಎಂಆರ್ ಹಾಳೆಯಲ್ಲಿ ಪೆನ್ನಿನಿಂದ ಗುರುತು ಮಾಡಬೇಕು. ಎಂಜಿನಿಯರಿಂಗ್‌ಗೆ ಹೋಗುವವರಿಗೆ ಭೌತ, ರಸಾಯನ, ಗಣಿತ ಮೂರು ಸೇರಿ 180 ಅಂಕ. ಪಿಯುಸಿಯಲ್ಲಿ ಇದೇ ಮೂರು ವಿಷಯ ಸೇರಿ 300 ಅಂಕ. ಎರಡಕ್ಕೂ ಅರ್ಧರ್ಧ ತೂಕ ಕೊಟ್ಟು ರ‍್ಯಾಂಕ್ ಮಾಡುತ್ತಾರೆ.

ಇದನ್ನು ಹಾಗೇ ಹೇಳಿದರೆ ಮಕ್ಕಳು ತಲೆ ಆಡಿಸುತ್ತಾರೆ, ಮರೆಯುತ್ತಾರೆ. ಅದಕ್ಕೆ ನಾವು ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸುತ್ತೇವೆ. ಒಬ್ಬ ಹುಡುಗ ಪಿಯುಸಿಯ ಮೂರು ವಿಷಯದಲ್ಲಿ 300ಕ್ಕೆ 270 ತೆಗೆದ ಅಂತಿಟ್ಟುಕೊಳ್ಳಿ. ಶೇ. 90. ಅರ್ಧ ಮಾಡಿದರೆ 45. ಸಿಇಟಿಯಲ್ಲಿ 180ಕ್ಕೆ 54 ಬಂತು. ಶೇ. 30. ಅರ್ಧ ಮಾಡಿದರೆ 15. ಒಟ್ಟು 60. ಇನ್ನೊಬ್ಬಳು ಪಿಯುಸಿಯಲ್ಲಿ 240 ತೆಗೆದಳು, ಅದು 40 ಆಯಿತು. ಸಿಇಟಿಯಲ್ಲಿ 72, ಅದು 20. ಅವಳದ್ದೂ 60. ಪಿಯುಸಿಯಲ್ಲಿ 30 ಅಂಕ ಕಡಿಮೆ ಇದ್ದ ಹುಡುಗಿ ಸಿಇಟಿಯಲ್ಲಿ ಬರೀ 18 ಪ್ರಶ್ನೆ ಹೆಚ್ಚು ಸರಿ ಮಾಡಿ ಸಮಕ್ಕೆ ಬಂದು ನಿಂತಳು. ಸಿಇಟಿಯ 3 ಪ್ರಶ್ನೆ ಪಿಯುಸಿಯ 5 ಅಂಕಕ್ಕೆ ಸಮ. ಈ ಒಂದು ಲೆಕ್ಕ ಗೊತ್ತಿದ್ದರೆ ಪಿಯುಸಿ ಪರೀಕ್ಷೆ ಮುಗಿದ ಮಾರನೇ ದಿನ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕುವ ಕೆಲಸ ಯಾವ ಮಗುವೂ ಮಾಡುವುದಿಲ್ಲ.

ಆದರೆ ಮಾಡುತ್ತಾರೆ. 2025ರಲ್ಲಿ ಪಿಯುಸಿ ಪರೀಕ್ಷೆ ಮಾರ್ಚ್ ತಿಂಗಳಿನಲ್ಲಿ, ಅಂದರೆ ಪೂರ್ತಿ ರಮಳಾನ್ ಉಪವಾಸದ ನಡುವೆ ನಡೆಯಿತು. ಮಕ್ಕಳು ಸಹರಿಗೆ ಎದ್ದು ಓದಿ, ಉಪವಾಸ ಹಿಡಿದು ಬರೆದರು. ತಿಂಗಳ ಕೊನೆಗೆ ಪೆರ್ನಾಳ್ ಬಂತು. ಸಿಇಟಿ ಏಪ್ರಿಲ್ 16 ಮತ್ತು 17ಕ್ಕೆ ಇತ್ತು. ಪೆರ್ನಾಳ್ ಆದ ಮೇಲೆ ಉಳಿದದ್ದು ಎರಡು ವಾರ. ಆ ಎರಡು ವಾರದಲ್ಲಿ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ನೆಂಟರ ಊರಿಗೆ ತಿರುಗಾಟ, ಎಷ್ಟು ಮನೆಗಳಲ್ಲಿ ಮದುವೆ ಅಂತ ನಾವು ಕಣ್ಣಾರೆ ಕಂಡಿದ್ದೇವೆ. ಮಂಗಳೂರಿಗೆ, ಬಿ.ಸಿ. ರೋಡಿಗೆ ಹೋಗಿ ಬರುವುದು ತಪ್ಪಲ್ಲ. ಹುಡುಗನನ್ನು ಕರೆದುಕೊಂಡು ಹೋಗುವುದು ಬೇಡವಾಗಿತ್ತು. ಇನ್ನು ಹೊಲ ಇರುವ ಮನೆಗಳ ಪಾಡು ಬೇರೆ. ಹುಣಸೂರು, ಪಿರಿಯಾಪಟ್ಟಣ ಕಡೆ ಅದೇ ಹೊತ್ತಿಗೆ ಹೊಗೆಸೊಪ್ಪಿನ ಸಸಿಮಡಿ ಕೆಲಸ. ಸಸಿಗೆ ನೀರು ಹಾಕಲು ಮನೆಯಲ್ಲಿ ಇರುವ ಕೈ ಮಗನದ್ದೇ. ಎರಡು ವಾರ ಕೂಲಿಗೆ ಯಾರನ್ನಾದರೂ ಹಚ್ಚಿಕೊಳ್ಳಿ ಅಂತ ಹೇಳುವುದು ಸುಲಭ, ಕೂಲಿ ಕೊಡುವುದು ಸುಲಭವಲ್ಲ ಅನ್ನುವುದೂ ನಮಗೆ ಗೊತ್ತು. ಆದರೂ ಹೇಳುತ್ತೇವೆ.

ಇನ್ನೊಂದು ಮಾತು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇದನ್ನು ಬೋಲ್ಡಾಗಿ ಗೋಡೆಯ ಮೇಲೆ ಬರೆದು ಅಂಟಿಸಬೇಕು. ನೀಟ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ ಕೊಟ್ಟು ತಪ್ಪಿಗೆ 1 ಕಳೆಯುತ್ತಾರೆ. ಎರಡನ್ನೂ ಬರೆಯುವ ಮಕ್ಕಳು ನೀಟ್‌ನ ಹೆದರಿಕೆಯನ್ನು ಸಿಇಟಿಗೂ ತಂದು, ಗೊತ್ತಿಲ್ಲದ ಪ್ರಶ್ನೆಗಳನ್ನು ಖಾಲಿ ಬಿಟ್ಟು ಎದ್ದು ಬರುತ್ತಾರೆ. ಒಬ್ಬ ಹುಡುಗ ಗಣಿತದಲ್ಲಿ 20 ಪ್ರಶ್ನೆ ಖಾಲಿ ಬಿಟ್ಟು ಬಂದಿದ್ದ. ಯಾಕಪ್ಪಾ ಅಂದರೆ, "ಗೊತ್ತಿಲ್ಲದ್ದನ್ನ ಗೊತ್ತು ಅಂತ ಬರೆಯೋದು ಸುಳ್ಳಲ್ವಾ ಉಸ್ತಾದ್?" ಅಂದ. ನಮಗೆ ನಗು ಬಂತು, ಸಂಕಟವೂ ಆಯಿತು. ಇದು ಸಾಕ್ಷಿ ಹೇಳುವುದಲ್ಲ ಮಗಾ, ನಾಲ್ಕರಲ್ಲಿ ಎರಡು ಖಂಡಿತ ಅಲ್ಲ ಅಂತ ನಿನಗೆ ಗೊತ್ತಿದ್ದರೆ ಅದೂ ಒಂದು ವಿದ್ಯೆಯೇ, ಉಳಿದ ಎರಡರಲ್ಲಿ ಒಂದನ್ನು ಆರಿಸು, ಪರೀಕ್ಷೆ ಮಾಡುವವರೇ ಅದಕ್ಕೆ ಅನುಮತಿ ಕೊಟ್ಟಿದ್ದಾರೆ ಅಂತ ಕೂರಿಸಿ ಹೇಳಬೇಕಾಯಿತು. ಕಣ್ಣು ಮುಚ್ಚಿ ಗುರುತು ಹಾಕಿದರೂ ಲೆಕ್ಕದ ಪ್ರಕಾರ 20ರಲ್ಲಿ 5 ಸರಿ ಬರಬೇಕು. ಐದು ಪ್ರಶ್ನೆ ಅಂದರೆ ಪಿಯುಸಿಯ ಎಂಟಕ್ಕಿಂತ ಜಾಸ್ತಿ ಅಂಕ.

ಒಎಂಆರ್ ಹಾಳೆಯ ಅಭ್ಯಾಸ ಇಲ್ಲದಿರುವುದೂ ಹಳ್ಳಿ ಮಕ್ಕಳಿಗೆ ದೊಡ್ಡ ತೊಡಕು. ನೀಲಿ ಅಥವಾ ಕಪ್ಪು ಬಾಲ್ ಪೆನ್ನು, ಗುಂಡಗಿನ ವೃತ್ತವನ್ನು ಪೂರ್ತಿ ತುಂಬಬೇಕು, ಒಮ್ಮೆ ತುಂಬಿದ್ದನ್ನು ಅಳಿಸುವ ಹಾಗಿಲ್ಲ, ವೈಟ್ನರ್ ಹಚ್ಚುವ ಹಾಗಿಲ್ಲ. ಪ್ರಶ್ನೆಪತ್ರಿಕೆಯ ಮೇಲೆ ಒಂದು ವರ್ಷನ್ ಕೋಡ್ ಇರುತ್ತದೆ, ಅದನ್ನು ಉತ್ತರ ಹಾಳೆಯಲ್ಲಿ ಸರಿಯಾಗಿ ಬರೆದು ಗುರುತು ಮಾಡದಿದ್ದರೆ ಬರೆದ 60 ಉತ್ತರವೂ ಬೇರೆ ಕೀಲಿಗೆ ಹೋಲಿಸಿ ನೋಡಿದ ಹಾಗೆ. ಇಂಥದ್ದಕ್ಕೆ ಲಕ್ಷಗಟ್ಟಲೆ ಕೋಚಿಂಗ್ ಬೇಡ. ಕೆಇಎ ವೆಬ್‌ಸೈಟಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳೂ ಉತ್ತರಗಳೂ ಸಿಗುತ್ತವೆ. ಒಎಂಆರ್ ಮಾದರಿ ಹಾಳೆಯ ಜೆರಾಕ್ಸ್‌ಗೆ ಎರಡು ರೂಪಾಯಿ. ಮದ್ರಸದ ಕೋಣೆ ಬೆಳಿಗ್ಗೆ ಒಂಬತ್ತರ ಮೇಲೆ ಖಾಲಿಯೇ ಇರುತ್ತದೆ. ಗೋಡೆ ಗಡಿಯಾರ ಇದೆ. ಭಾನುವಾರ 80 ನಿಮಿಷ ಮಕ್ಕಳನ್ನು ಕೂರಿಸಿ ಬರೆಸುವುದಕ್ಕೆ ಇನ್ನೇನು ಬೇಕು?

ಎಲ್ಲಾ ಪ್ರಶ್ನೆಯೂ ಸರಿಯೇ ಇರುತ್ತದೆ ಅಂತಲೂ ನಂಬಬೇಡಿ. 2024ರ ಸಿಇಟಿಯಲ್ಲಿ ಪಠ್ಯದಲ್ಲಿ ಇಲ್ಲದ ಪ್ರಶ್ನೆಗಳು ಬಂದು ದೊಡ್ಡ ಗಲಾಟೆ ಆಯಿತು. ಕೊನೆಗೆ ತಜ್ಞರ ಸಮಿತಿ ನೋಡಿ 50 ಪ್ರಶ್ನೆಗಳನ್ನು ಲೆಕ್ಕದಿಂದ ತೆಗೆದರು. ಅವತ್ತು ಪರೀಕ್ಷಾ ಕೊಠಡಿಯಲ್ಲಿ ಆ ಪ್ರಶ್ನೆಗಳ ಜೊತೆ ಒದ್ದಾಡಿ ಹೊತ್ತು ಕಳೆದುಕೊಂಡ ಮಗುವಿನ ನಿಮಿಷಗಳನ್ನು ಯಾವ ಸಮಿತಿಯೂ ವಾಪಸ್ ಕೊಡಲಿಲ್ಲ. ಗೊತ್ತಿಲ್ಲದ್ದನ್ನು ದಾಟಿ ಮುಂದೆ ಹೋಗುವುದು, ಕೊನೆಗೆ ತಿರುಗಿ ಬರುವುದು ಇಲ್ಲಿ ಕಲಿಯಬೇಕಾದ ಮೊದಲ ಪಾಠ. ಹಾಗೇ 2021ರಲ್ಲಿ ಕೊರೊನಾದಿಂದ ಪಿಯುಸಿ ಪರೀಕ್ಷೆಯೇ ನಡೆಯದೆ ಸಿಇಟಿ ಅಂಕ ಮಾತ್ರ ಹಿಡಿದು ರ‍್ಯಾಂಕ್ ಕೊಟ್ಟರು. ನಿಯಮ ವರ್ಷ ವರ್ಷ ಬದಲಾಗುತ್ತದೆ. ಅಣ್ಣನಿಗೆ ಹೀಗಿತ್ತು ಅಂತ ತಮ್ಮನಿಗೂ ಹಾಗೇ ಇರುತ್ತದೆ ಅನ್ನುವ ಹಾಗಿಲ್ಲ.

ಈಗ ಅರ್ಜಿಯ ವಿಷಯ. ಇದನ್ನು ನಾವು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ ಕರೆಯುತ್ತಾರೆ. ಮಗು ಆಗ ಪಿಯುಸಿ ಪ್ರಾಕ್ಟಿಕಲ್, ಪ್ರಿಪರೇಟರಿ ಅಂತ ಓಡಾಡುತ್ತಿರುತ್ತದೆ. ಮೀಸಲಾತಿ ಕೇಳುವುದೂ ಆಗಲೇ. 2ಬಿ ಕೇಳಬೇಕಾದರೆ ತಹಶೀಲ್ದಾರರು ಕೊಟ್ಟ ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ಹಾಕಬೇಕು, ಕಂಪ್ಯೂಟರ್ ಅದನ್ನು ಅಲ್ಲೇ ತಾಳೆ ನೋಡುತ್ತದೆ. 2ಬಿಗೆ ನಮೂನೆ ಎಫ್, ಪ್ರವರ್ಗ 1ಕ್ಕೆ ಸೇರಿದ ನಮ್ಮ ನದಾಫ್, ಪಿಂಜಾರ ಸಹೋದರರಿಗೆ ನಮೂನೆ ಇ. ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಹಾಕಿದ ಕೂಡಲೇ ಇದು ಕೈಗೆ ಬರುವುದಿಲ್ಲ. ಗ್ರಾಮ ಆಡಳಿತಾಧಿಕಾರಿ ನೋಡಬೇಕು, ರೆವಿನ್ಯೂ ಇನ್‌ಸ್ಪೆಕ್ಟರ್ ನೋಡಬೇಕು. ಆದ್ದರಿಂದ ನವೆಂಬರ್, ಡಿಸೆಂಬರಿನಲ್ಲೇ ಹೋಗಿ. ಹಳೆಯದು ಮನೆಯಲ್ಲಿ ಇದ್ದರೆ ಅವಧಿ ಮುಗಿದಿದೆಯಾ ನೋಡಿ.

2023ರ ಮಾರ್ಚಿನಲ್ಲಿ ಅಂದಿನ ಸರ್ಕಾರ 2ಬಿ ತೆಗೆದುಹಾಕುವ ಆದೇಶ ಮಾಡಿದ್ದು ಎಲ್ಲರಿಗೂ ನೆನಪಿದೆ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ ಆ ಆದೇಶ ಜಾರಿಯಾಗದೆ ನಿಂತಿತು. ಆದರೆ "2ಬಿ ಹೋಯ್ತಂತೆ" ಅನ್ನುವ ಸುದ್ದಿ ಮಾತ್ರ ಇವತ್ತಿಗೂ ಕೆಲವು ಹಳ್ಳಿಗಳಲ್ಲಿ ಓಡಾಡುತ್ತಿದೆ. ಹೋಗಿಲ್ಲ. ಶೇ. 4 ಇದೆ, ಕೇಳಿ ಪಡೆಯಬೇಕು. ಹುಣಸೂರಿನವರಿಗೆ ಇದನ್ನು ಹೇಳುವಾಗ ನಮಗೆ ಸ್ವಲ್ಪ ಹೆಮ್ಮೆಯೂ ಇದೆ. ಹಾವನೂರು ಆಯೋಗದ ವರದಿ ಬಂದ ಮೇಲೆ 1977ರಲ್ಲಿ ಹಿಂದುಳಿದ ವರ್ಗಗಳ ಪಟ್ಟಿಗೆ ಮುಸ್ಲಿಮರನ್ನೂ ಸೇರಿಸಿದ ಮುಖ್ಯಮಂತ್ರಿ ಡಿ. ದೇವರಾಜ ಅರಸರು ಇದೇ ತಾಲೂಕಿನ ಕಲ್ಲಹಳ್ಳಿಯವರು. ಅರಸರ ಊರಿನ ಪಕ್ಕದಲ್ಲಿ ಇದ್ದುಕೊಂಡು ಅರ್ಜಿಯಲ್ಲಿ ಜಿಎಂ ಅಂತ ಗುರುತು ಹಾಕಿ ಬರುವುದು ನಮಗೆ ಬೇಸರದ ಸಂಗತಿ.

ಇದರ ಒಳಗೇ ಇನ್ನೂ ಎರಡು ಇವೆ. ಒಂದರಿಂದ ಹತ್ತನೇ ತರಗತಿವರೆಗೆ, ಹತ್ತೂ ವರ್ಷ, ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇ. 15. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಕೆಇಎ ಪಟ್ಟಿಯಲ್ಲಿ 2ಬಿಜಿ, 2ಬಿಆರ್, 2ಬಿಕೆ ಅಂತ ಕಾಣುವುದು ಇದೇ: ಸಾಮಾನ್ಯ 2ಬಿ, ಗ್ರಾಮೀಣ 2ಬಿ, ಕನ್ನಡ ಮಾಧ್ಯಮ 2ಬಿ. ಕಳೆದ ವರ್ಷ ಯಾವ ಕಾಲೇಜಿನಲ್ಲಿ ಯಾವ ಕೋರ್ಸಿಗೆ ಯಾವ ಕಾಲಂನಲ್ಲಿ ಎಷ್ಟನೇ ರ‍್ಯಾಂಕಿಗೆ ಸೀಟು ನಿಂತಿತು ಅನ್ನುವ ಪಟ್ಟಿ ವೆಬ್‌ಸೈಟಿನಲ್ಲೇ ಇದೆ. "ಅರವತ್ತು ಸಾವಿರ ಒಳ್ಳೇದಾ ಕೆಟ್ಟದ್ದಾ" ಅನ್ನುವ ಪ್ರಶ್ನೆಗೆ ಉತ್ತರ ಅಲ್ಲಿದೆ, ನಮ್ಮ ಬಳಿ ಅಲ್ಲ. ಜಿಎಂ ಕಾಲಂನಲ್ಲಿ ಬಾಗಿಲು ಮುಚ್ಚಿದ ರ‍್ಯಾಂಕಿಗೆ 2ಬಿಆರ್ ಕಾಲಂನಲ್ಲಿ ತೆರೆದಿರುವುದು ಹಲವು ಕಡೆ ಕಾಣುತ್ತದೆ. ಎಚ್.ಡಿ. ಕೋಟೆಯ ಆ ಹುಡುಗಿಗೆ ಈ ಮೂರೂ ಇದ್ದವು.

ಗ್ರಾಮೀಣ ಅಂದರೆ ಪಟ್ಟಣ, ನಗರ ವ್ಯಾಪ್ತಿಯ ಹೊರಗಿನ ಶಾಲೆ. ನಾಲ್ಕನೇ ತರಗತಿ ಆದ ಮೇಲೆ ಮಗುವನ್ನು ಪೇಟೆಯ ಇಂಗ್ಲಿಷ್ ಮೀಡಿಯಂಗೆ ವ್ಯಾನಿನಲ್ಲಿ ಕಳಿಸಿದರೆ ಗ್ರಾಮೀಣವೂ ಹೋಯಿತು, ಕನ್ನಡವೂ ಹೋಯಿತು. ಕಳಿಸಬೇಡಿ ಅಂತ ನಾವು ಹೇಳುತ್ತಿಲ್ಲ. ಕಳಿಸುವ ಮೊದಲು ಏನನ್ನು ಬಿಟ್ಟುಕೊಡುತ್ತಿದ್ದೇವೆ ಅಂತ ಗೊತ್ತಿರಲಿ. ಉರ್ದು ಶಾಲೆಯಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಬರುವುದಿಲ್ಲ, ಆ ಶಾಲೆ ಹಳ್ಳಿಯಲ್ಲಿದ್ದರೆ ಗ್ರಾಮೀಣ ಬರುತ್ತದೆ. ಇವಕ್ಕೆಲ್ಲ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಬೇಕು. ಮೂರು ಶಾಲೆ ಬದಲಾಯಿಸಿದ ಮಗುವಿಗೆ ಮೂರು ಕಡೆ ಓಡಾಟ.

ಮುಖ್ಯವಾಗಿ ಕೋಟೆ ಕಡೆಯವರು ಗಮನಿಸಬೇಕಾದ್ದು ಇನ್ನೊಂದಿದೆ. ಬಾವಲಿ ದಾಟಿದರೆ ವಯನಾಡು. ದರ್ಸ್, ದೀನಿ ಕಾಲೇಜು ಅಂತ ಗಂಡುಮಕ್ಕಳನ್ನು ಕೇರಳಕ್ಕೆ ಕಳಿಸುವ ರೂಢಿ ನಮ್ಮಲ್ಲಿ ಇದೆ, ಅಲ್ಲೇ ಶಾಲೆಯನ್ನೂ ಮುಗಿಸುತ್ತಾರೆ. ಕರ್ನಾಟಕದ ಸೀಟು ಕೇಳಲು ಸಾಮಾನ್ಯವಾಗಿ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆಯಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಇಲ್ಲಿಯೇ ಪಾಸಾಗಿರಬೇಕು. ಮಗ ದೀನ್ ಕಲಿಯಲಿ, ಜೊತೆಗೆ ಈ 7 ವರ್ಷವನ್ನೂ ಬೆರಳಲ್ಲಿ ಎಣಿಸಿ ಇಟ್ಟುಕೊಳ್ಳಿ. ಅತ್ತ ಮಂಜೇಶ್ವರ, ಕಾಸರಗೋಡಿನ ನೆಂಟರ ಮಕ್ಕಳಿಗೆ ಗಡಿನಾಡ ಕನ್ನಡಿಗರು ಅಂತ ಬೇರೆಯೇ ದಾರಿ ಇದೆ. ಅವರು 50 ಅಂಕದ ಕನ್ನಡ ಪರೀಕ್ಷೆ ಬರೆದು ಕನಿಷ್ಠ 12 ತೆಗೆಯಬೇಕು. ಫೋನಿನಲ್ಲಿ ಅವರಿಗೂ ಹೇಳಿ.

ಹೆಸರಿನ ರಗಳೆ ನಮ್ಮ ಸಮುದಾಯಕ್ಕೇ ಅಂಟಿದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೊಹಮ್ಮದ್, ಆಧಾರದಲ್ಲಿ ಮಹಮ್ಮದ್, ಜಾತಿ ಪತ್ರದಲ್ಲಿ ಬರೀ ಎಂ.ಡಿ. ಹುಡುಗಿಯದ್ದು ಒಂದು ಕಡೆ ಫಾತಿಮಾ, ಇನ್ನೊಂದು ಕಡೆ ಫಾತಿಮತ್, ಮತ್ತೊಂದು ಕಡೆ ಉಪ್ಪನ ಹೆಸರು ಮುಂದೆ. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಜನ. ಹುಟ್ಟಿದಾಗ ಹೆಸರಿಡುವವರು, ಶಾಲೆಗೆ ಸೇರಿಸುವವರು ನಾವೇ ಆದ್ದರಿಂದ ಇದನ್ನು ಒಂದನೇ ತರಗತಿಯಲ್ಲೇ ಸರಿ ಮಾಡುವುದು ಒಳ್ಳೆಯದು. ಪಿಯುಸಿ ಮಗು ಇರುವ ಮನೆಯವರು ಇವತ್ತೇ ಎಲ್ಲಾ ಕಾಗದ ತೆಗೆದು ಚಾಪೆಯ ಮೇಲೆ ಹರಡಿ ಅಕ್ಷರ ಅಕ್ಷರ ತಾಳೆ ನೋಡಿ.

ಯಾವ ಪರೀಕ್ಷೆ ಯಾವುದಕ್ಕೆ ಅನ್ನುವ ಗೊಂದಲವೂ ಇದೆ. ಡಾಕ್ಟರ್, ದಂತ ವೈದ್ಯರು, ಆಯುರ್ವೇದ, ಯುನಾನಿ ಆಗಲು ಸಿಇಟಿ ಸಾಲದು, ನೀಟ್ ಬರೆಯಬೇಕು. ನೀಟ್ ಬರೆದು ಸುಮ್ಮನೆ ಕೂತರೂ ಆಗದು, ರಾಜ್ಯದ ಸೀಟಿಗೆ ಕೆಇಎಯಲ್ಲೂ ಹೆಸರು ನೋಂದಾಯಿಸಬೇಕು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಎಂಜಿನಿಯರಿಂಗ್, ಕೃಷಿ, ಪಶುವೈದ್ಯ, ಫಾರ್ಮಸಿ ಇವಕ್ಕೆ ಸಿಇಟಿ. ಕೃಷಿಯಲ್ಲಿ ರೈತರ ಮಕ್ಕಳಿಗೆ ಬೇರೆ ಕೋಟಾವೇ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಹೊಗೆಸೊಪ್ಪು, ಭತ್ತ, ಶುಂಠಿ ಬೆಳೆಯುವ ನಮ್ಮ ನಾಲ್ಕು ತಾಲೂಕಿನ ಮಕ್ಕಳು ಈ ಕೋಟಾ ಕೇಳದಿದ್ದರೆ ಇನ್ಯಾರು ಕೇಳಬೇಕು? ಎಸ್ಸೆಸ್ಸೆಲ್ಸಿ ಆದ ಮೇಲೆ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರಬಹುದು. ಎಂಜಿನಿಯರಿಂಗ್‌ಗೆ ಪಿಯುಸಿಯ ಮೂರು ವಿಷಯದಲ್ಲಿ ಸಾಮಾನ್ಯರಿಗೆ ಶೇ. 45, 2ಬಿಗೆ ಶೇ. 40 ಇದ್ದರೆ ಅರ್ಹತೆ. ಅಷ್ಟೂ ಬರಲಿಲ್ಲವಾದರೆ ಈಗ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಇನ್ನೊಮ್ಮೆ ಬರೆಯಬಹುದು.

ದುಡ್ಡಿನ ಮಾತು. ಕರಾವಳಿಯ ದೊಡ್ಡ ವಸತಿ ಪಿಯು ಕಾಲೇಜಿಗೆ ಸೇರಿಸಲು ಉಮ್ಮನ ಬಳೆ ಅಡವಿಟ್ಟ ಮನೆಗಳು ನಮಗೆ ಗೊತ್ತು. ಅಲ್ಲಿ ಒಳ್ಳೆ ಪಾಠ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅಡವಿಟ್ಟ ಬಳೆಯಿಂದ ಗಂಡುಮಗ ಹೋಗುತ್ತಾನೆ, ಅವನಿಗಿಂತ ಚೆನ್ನಾಗಿ ಓದುವ ತಂಗಿಗೆ ಊರಿನ ಕಾಲೇಜು, ಅದೂ ಹತ್ತಿರ ಇದ್ದರೆ. ಸೀಟು ಸಿಕ್ಕ ಮೇಲಿನ ಫೀಸಿಗೆ ಹೆದರಿ ಹೆಣ್ಣುಮಕ್ಕಳನ್ನು ಸಿಇಟಿಗೇ ಕೂರಿಸದವರೂ ಇದ್ದಾರೆ. ಇವರಿಗೆ ಎರಡು ಮಾತು ತಿಳಿಸಬೇಕು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದರೆ ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಅನ್ನುವ ಶೇ. 5 ಹೆಚ್ಚುವರಿ ಸೀಟುಗಳಿವೆ, ಬೋಧನಾ ಶುಲ್ಕ ಮಾಫಿ. ಅರ್ಜಿಯಲ್ಲಿ ಅದಕ್ಕೂ ಹೌದು ಅಂತ ಹೇಳಬೇಕು. ಇನ್ನೊಂದು, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ. ಸಿಇಟಿ, ನೀಟ್ ಮೂಲಕ ಸೀಟು ಪಡೆದ ಮಕ್ಕಳಿಗೆ ಕಡಿಮೆ ಸೇವಾ ಶುಲ್ಕದಲ್ಲಿ ಕೊಡುತ್ತಾರೆ. ಬಡ್ಡಿಯ ಪ್ರಶ್ನೆ ಇರುವವರು ತಮ್ಮ ಖತೀಬರ ಬಳಿ ಕೂತು ಕೇಳಿಕೊಳ್ಳಲಿ, ಕೇಳದೆ ಮಗಳ ಓದು ನಿಲ್ಲಿಸುವುದು ಬೇಡ.

ರ‍್ಯಾಂಕ್ ಬಂದ ಮೇಲಿನ ಆಯ್ಕೆ ದಾಖಲಿಸುವ ಹಂತದಲ್ಲೂ ಎಡವುತ್ತಾರೆ. ನಾಲ್ಕು ಕಾಲೇಜಿನ ಹೆಸರು ಹಾಕಿ ಸುಮ್ಮನಾಗಬೇಡಿ, ಬೇಕು ಅನಿಸುವ ಎಲ್ಲವನ್ನೂ ಇಷ್ಟದ ಕ್ರಮದಲ್ಲಿ ಹಾಕಿ. ಮೊದಲು ಅಣಕು ಹಂಚಿಕೆ ಬರುತ್ತದೆ, ಅದು ನಿಜವಾದ ಸೀಟಲ್ಲ, ಅದನ್ನು ನೋಡಿ ಕ್ರಮ ಬದಲಿಸಬಹುದು. ನಿಜವಾದ ಸೀಟು ಸಿಕ್ಕಾಗ ನಾಲ್ಕು ಆಯ್ಕೆ ಕೊಡುತ್ತಾರೆ. ಒಂದನೆಯದು ಒಪ್ಪಿ ಸೇರುವುದು. ಎರಡನೆಯದು ಇದನ್ನು ಹಿಡಿದುಕೊಂಡು ಇನ್ನೂ ಒಳ್ಳೆಯದಕ್ಕೆ ಕಾಯುವುದು. ಮೂರನೆಯದು ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು ಪೂರ್ತಿ ಹೊರಗೆ ಬರುವುದು. ಒಬ್ಬ ಹುಡುಗ ಎರಡರ ಬದಲು ಮೂರು ಒತ್ತಿ ಕೈಯಲ್ಲಿದ್ದ ಸೀಟು ಕಳೆದುಕೊಂಡದ್ದು ನಮಗೆ ಗೊತ್ತು. ಒತ್ತುವಾಗ ಪಕ್ಕದಲ್ಲಿ ಓದಲು ಬರುವ ಹಿರಿಯರೊಬ್ಬರು ಕೂತಿರಲಿ.

ಇನ್ನು ಪರೀಕ್ಷೆಯ ದಿನ. ಬೆಳಗಿನ ಪತ್ರಿಕೆ 10:30ಕ್ಕೆ ಶುರು, ಮಧ್ಯಾಹ್ನದ್ದು 2:30ಕ್ಕೆ. ಯಾವ ವಿಷಯ ಯಾವ ದಿನ ಅನ್ನುವುದು ಬದಲಾಗುತ್ತದೆ, ಪ್ರವೇಶಪತ್ರ ನೋಡಿ. ತಪಾಸಣೆ ಇರುವುದರಿಂದ ಮೊದಲೇ ಹೋಗಿ ನಿಲ್ಲಬೇಕು. ಉಡುಪಿನ ಬಗ್ಗೆ ಆ ವರ್ಷದ ಸೂಚನೆಯಲ್ಲಿ ಏನಿದೆ ಅಂತ ಹೆಣ್ಣುಮಕ್ಕಳೂ ಪೋಷಕರೂ ವಾರ ಮುಂಚೆಯೇ ಓದಿಕೊಳ್ಳಲಿ, ಗೇಟಿನಲ್ಲಿ ವಾದಕ್ಕೆ ನಿಂತು ಮಗುವಿನ ಮನಸ್ಸು ಕದಡುವುದು ಬೇಡ. ಮೈಸೂರಿನ ಕೇಂದ್ರ ಬಂದವರಿಗೆ ಪಿರಿಯಾಪಟ್ಟಣದಿಂದ ಎಪ್ಪತ್ತು ಕಿಲೋಮೀಟರ್ ಹತ್ತಿರ ಆಗುತ್ತದೆ, ಎಚ್.ಡಿ. ಕೋಟೆಯಿಂದ ಐವತ್ತರ ಆಸುಪಾಸು, ಕೋಟೆಯ ಒಳಹಳ್ಳಿಗಳಿಂದ ಇನ್ನೂ ಜಾಸ್ತಿ. ಎರಡು ದಿನ, ಏಪ್ರಿಲ್ ಬಿಸಿಲು, ನಿಂತುಕೊಂಡೇ ಬಸ್ ಪ್ರಯಾಣ. ಅದೇ ಮೈಸೂರಿನ ಮಗು ಮನೆಯಲ್ಲಿ ತಿಂಡಿ ತಿಂದು ಸ್ಕೂಟರಿನಲ್ಲಿ ಬಂದಿರುತ್ತದೆ. ಪ್ರಶ್ನೆಪತ್ರಿಕೆ ಇಬ್ಬರಿಗೂ ಒಂದೇ, ಬೆಳಗ್ಗೆ ಮಾತ್ರ ಒಂದೇ ಅಲ್ಲ.

ನಮ್ಮ ಜಮಾಅತ್‌ಗಳ ಕೈಯಲ್ಲಿ ಆಗುವ ಕೆಲಸ ಇದು. ಮೀಲಾದ್‌ಗೆ ಜೀಪು, ಉರೂಸಿಗೆ ಬಸ್ಸು ಮಾಡುವ ನಾವು ಸಿಇಟಿಗೆ ಒಂದು ಟೆಂಪೊ ಟ್ರಾವೆಲರ್ ಮಾಡಬಹುದು. ಮೈಸೂರಿನಲ್ಲಿ ಮನೆ ಇರುವವರು ಒಂದು ರಾತ್ರಿಯ ಮಟ್ಟಿಗೆ ಇಬ್ಬರು ಹೆಣ್ಣುಮಕ್ಕಳಿಗೆ, ಅವರ ಉಮ್ಮನಿಗೆ ಒಂದು ಕೋಣೆ ಕೊಡಬಹುದು. ಟ್ರಾವೆಲರ್ ಮಾಡಿದರೆ ಅದರಲ್ಲಿ ಪಕ್ಕದ ಮನೆಯ ಗೌಡರ ಮಗಳಿಗೂ, ಹಾಡಿಯಿಂದ ಬರುವ ಹುಡುಗನಿಗೂ ಜಾಗ ಇರಲಿ, ಅವರೂ ಅದೇ ಬಸ್ಸಿಗೆ ಕಾಯುವವರು.

ಎಚ್.ಡಿ. ಕೋಟೆಯ ಆ ಹುಡುಗಿ ಈಗ ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ಅವಳ ತಮ್ಮ ಈ ವರ್ಷ ದ್ವಿತೀಯ ಪಿಯುಸಿ. ಹೋದ ತಿಂಗಳು ಅವರ ಉಪ್ಪ ಮತ್ತೆ ಫೋನ್ ಮಾಡಿದ್ದರು. ತಮ್ಮನ ಕಾಗದಗಳನ್ನೆಲ್ಲ ಅಕ್ಕನೇ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಡಿಸಿ, ಆರ್‌ಡಿ ಸಂಖ್ಯೆಯನ್ನು ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಇಟ್ಟಿದ್ದಾಳಂತೆ. ಹೆಸರಿನಲ್ಲಿ ಒಂದು ಅಕ್ಷರ ಮಾತ್ರ ತಾಳೆ ಆಗುತ್ತಿಲ್ಲ, ಸೋಮವಾರ ನಾಡಕಚೇರಿಗೆ ಹೋಗುತ್ತೇವೆ ಅಂದರು.